ಹೆಣ್ಣು ನೋಡುವ ಶಾಸ್ತ್ರವೂ ವೈದ್ಯಕೀಯ ಕಾಲೇಜಿನ ಮಾನ್ಯತೆಯೂ

ನಮ್ಮ ಹಿರಿಯರು ಊರು ಬಿಟ್ಟು ಬಂದು ಮುಂಬಯಿಯ ಚಾಳುಗಳ ಒಂದೊಂದು ಖೋಲಿಯಲ್ಲಿ ಸಂಸಾರ ಹೂಡಿದ್ದ ಕಾಲದಲ್ಲಿ, ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಇಡೀ ಮಾಳಿಗೆಯೇ ಸಜ್ಜಾಗುತ್ತಿತ್ತು. ಎದುರು ಖೋಲಿಯಿಂದ ಎರಡು ಕುರ್ಚಿ, ಪಕ್ಕದವರಿಂದ ಬೆಳ್ಳಿಯ ಲೋಟ, ಮೇಲಿನ ಮಾಳಿಗೆಯವರಿಂದ ಒಂದು ಟೇಬಲ್ ಫ್ಯಾನು. ಬಂದವರು ಉಪ್ಪಿಟ್ಟು, ಶಿರಾ ತಿಂದು ಹೊರಟ ಮೇಲೆ ಕುರ್ಚಿ, ಲೋಟ, ಫ್ಯಾನು ಎಲ್ಲವೂ ತಮ್ಮ ತಮ್ಮ ಮನೆ ಸೇರುತ್ತಿದ್ದವು. ಇದರಿಂದ ಯಾರಿಗೂ ಕೇಡಾಗಲಿಲ್ಲ. ಬಂದವರಿಗೂ ಒಳಗುಟ್ಟು ಗೊತ್ತಿತ್ತು. ಅವರ ಮನೆಯಲ್ಲಿಯೂ ಅದೇ ಕತೆ.

ಈ ಬಡವರ ಶಾಸ್ತ್ರವನ್ನು ನಮ್ಮ ದೇಶದ ಎಷ್ಟೋ ವೈದ್ಯಕೀಯ ಕಾಲೇಜುಗಳು ಕಲಿತುಕೊಂಡಿವೆ. ಇನ್‌ಸ್ಪೆಕ್ಷನ್ ಎಂದು ಸುಳಿವು ಸಿಕ್ಕರೆ ಸಾಕು, ಎಲ್ಲಿಂದಲೋ ಪ್ರೊಫೆಸರರು ಬಂದಿಳಿಯುತ್ತಾರೆ. ಖಾಲಿ ಇದ್ದ ವಾರ್ಡಿನ ಮಂಚಗಳಲ್ಲಿ ಗಟ್ಟಿಮುಟ್ಟಾದ ಜನ ಬಂದು ಮಲಗುತ್ತಾರೆ. ಬೀಗ ಜಡಿದಿದ್ದ ಪ್ರಯೋಗಶಾಲೆಗೆ ಹೊಸ ಬೋರ್ಡು ಬರುತ್ತದೆ. ಇನ್‌ಸ್ಪೆಕ್ಟರರು ಹೋದ ಮರುದಿನ ಎಲ್ಲ ತಮ್ಮ ತಮ್ಮ ಮನೆ ಸೇರುತ್ತದೆ. ಚಾಳಿನ ಕುರ್ಚಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಅಲ್ಲಿ ಎರವಲು ತಂದದ್ದು ಕುರ್ಚಿ. ಇಲ್ಲಿ ಎರವಲು ತಂದದ್ದು ಗುರುಗಳನ್ನು. ಗುರುವಿಲ್ಲದೆ ಕಲಿತ ತಜ್ಞನ ಕತ್ತಿಯ ಕೆಳಗೆ ನಾಳೆ ಮಲಗಬೇಕಾದವರು ನಾವು.

ಸಂಘದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಮ್ಮ ಬಂಧುಗಳಲ್ಲಿ ಮಗನನ್ನೋ ಮಗಳನ್ನೋ ಎಂ.ಬಿ.ಬಿ.ಎಸ್. ಓದಿಸಿ, ಮುಂದೆ ಎಂ.ಡಿ., ಎಂ.ಎಸ್. ಸೀಟಿಗಾಗಿ ಊರಿನ ಜಮೀನು ಮಾರಿದವರು ಕಡಿಮೆಯಿಲ್ಲ. ಇದು ಮೊದಲ ಕಾರಣ. ಎರಡನೆಯದು ಇನ್ನೂ ಹತ್ತಿರದ್ದು. ರಾತ್ರಿ ಎರಡು ಗಂಟೆಗೆ ಎದೆನೋವೆಂದು ತಂದೆಯವರನ್ನು ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಓಡಿದರೆ, ಅಲ್ಲಿ ನಮಗೆ ಮೊದಲು ಸಿಗುವವರು ಹೆಸರುವಾಸಿ ಡಾಕ್ಟರಲ್ಲ. ಸ್ನಾತಕೋತ್ತರ ವಿದ್ಯಾರ್ಥಿ, ಅಂದರೆ ರೆಸಿಡೆಂಟ್ ಡಾಕ್ಟರು. ಅವರಿಗೆ ಯಾರು ಏನು ಕಲಿಸಿದ್ದಾರೆ, ಅವರು ನಿದ್ದೆ ಮಾಡಿ ಎಷ್ಟು ಹೊತ್ತಾಯಿತು ಎಂಬುದು ಆ ಗಳಿಗೆಯಲ್ಲಿ ನಮ್ಮ ಮನೆಯ ವಿಷಯವೇ ಆಗುತ್ತದೆ.

ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಮೂರು ವರ್ಷ ಒಂದು ವಿಭಾಗದಲ್ಲಿ ಗುರುಗಳ ಕೈಕೆಳಗೆ ದುಡಿದು ಕಲಿಯುವುದೇ ಸ್ನಾತಕೋತ್ತರ ಶಿಕ್ಷಣ. ಇದು ಪುಸ್ತಕದ ವಿದ್ಯೆಗಿಂತ ಹೆಚ್ಚಾಗಿ ಕೈಯ ವಿದ್ಯೆ. ಬಡಗಿಯ ಮಗ ಉಳಿ ಹಿಡಿಯುವುದನ್ನು ಕಲಿತಂತೆ, ಗುರುಗಳು ಪಕ್ಕದಲ್ಲಿ ನಿಂತು ತಿದ್ದುತ್ತಿರುವಾಗ ಮಾಡಿ ಮಾಡಿ ಕಲಿಯಬೇಕಾದದ್ದು. ಇಂಥ ಕಲಿಕೆ ಒಂದು ಕಾಲೇಜಿನಲ್ಲಿ ನಿಜವಾಗಿ ನಡೆಯುತ್ತಿದೆಯೆ ಎಂದು ನೋಡಿ ಒಪ್ಪಿಗೆ ಮುದ್ರೆ ಒತ್ತುವುದಕ್ಕೆ ಮಾನ್ಯತೆ ಎಂದು ಹೆಸರು. ನಮ್ಮ ದೂರು ಇಷ್ಟೆ: ನಾವು ಇದುವರೆಗೆ ಮುದ್ರೆ ಒತ್ತಿದ್ದು ಕಲಿಕೆಯನ್ನು ನೋಡಿ ಅಲ್ಲ, ಕಟ್ಟಡವನ್ನೂ ಹಾಜರಿ ಪುಸ್ತಕವನ್ನೂ ನೋಡಿ. ಅದೂ ಒಂದೆರಡು ದಿನ ನೋಡಿ.

ಇದು ನಮ್ಮ ಬಾಯಿಗೆ ಬಂದ ಮಾತಲ್ಲ. 1933ರ ಕಾಯಿದೆಯಿಂದ ಹುಟ್ಟಿ, 1956ರ ಕಾಯಿದೆಯಿಂದ ಬಲಗೊಂಡ ಭಾರತೀಯ ವೈದ್ಯಕೀಯ ಪರಿಷತ್ತಿಗೆ ದೇಶದ ಕಾಲೇಜುಗಳ ಮಾನ್ಯತೆಯ ಕೆಲಸವಿತ್ತು. 2010ರ ಏಪ್ರಿಲ್‌ನಲ್ಲಿ ಅದರ ಅಧ್ಯಕ್ಷರನ್ನೇ ಸಿ.ಬಿ.ಐ. ಲಂಚದ ಆರೋಪದ ಮೇಲೆ ಬಂಧಿಸಿತು. ಮರುತಿಂಗಳೇ ಕೇಂದ್ರ ಸರಕಾರ ಪರಿಷತ್ತನ್ನು ವಿಸರ್ಜಿಸಿತು. ಮುಂದೆ ಪರಿಷತ್ತು ಮತ್ತೆ ಬಂತು. 2016ರ ಮಾರ್ಚ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ತನ್ನ 92ನೆಯ ವರದಿಯಲ್ಲಿ ಈ ಇನ್‌ಸ್ಪೆಕ್ಷನ್ ಪದ್ಧತಿಯ ಹುಳುಕನ್ನು ಬಿಚ್ಚಿಟ್ಟಿತು. ಪರಿಷತ್ತಿನ ಕಣ್ಣು ಕಟ್ಟಡ, ಸಲಕರಣೆ, ತಲೆಯೆಣಿಕೆಗಳ ಮೇಲಿದೆಯೇ ಹೊರತು ಪಾಠದ ಗುಣದ ಮೇಲಿಲ್ಲ ಎಂಬುದು ಅದರ ಮಾತಿನ ಸಾರ. ಅದೇ ವರ್ಷ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಲೋಧಾ ಅವರ ನೇತೃತ್ವದ ಸಮಿತಿಯೊಂದನ್ನು ಪರಿಷತ್ತಿನ ಮೇಲೆ ಕಾವಲಿಗೆ ಕೂರಿಸಿತು. ಕಾಲೇಜುಗಳನ್ನು ಕಾಯಬೇಕಾದವರನ್ನು ಕಾಯಲು ಮತ್ತೊಬ್ಬರು ಬೇಕಾದರು! 2019ರಲ್ಲಿ ಹೊಸ ಕಾಯಿದೆ ಬಂತು. 2020ರ ಸೆಪ್ಟೆಂಬರ್ 25ರಂದು ಹಳೆಯ ಪರಿಷತ್ತಿನ ಜಾಗದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಳಿತಿತು.

ಬೋರ್ಡು ಬದಲಾಯಿತು. ರೋಗ ವಾಸಿಯಾಯಿತೆ? 2025ರ ಜುಲೈ ಮೊದಲ ವಾರದ ಪತ್ರಿಕೆಗಳನ್ನು ನೆನಪಿಸಿಕೊಳ್ಳಿ. ಖಾಸಗಿ ಕಾಲೇಜೊಂದಕ್ಕೆ ಅನುಕೂಲವಾದ ವರದಿ ಕೊಡಲು 55 ಲಕ್ಷ ರೂಪಾಯಿಯ ಲಂಚದ ವ್ಯವಹಾರವೆಂದು ಸಿ.ಬಿ.ಐ. ಮೊಕದ್ದಮೆ ಹೂಡಿತು; ಇನ್‌ಸ್ಪೆಕ್ಷನ್‌ಗೆ ಹೋಗಿದ್ದ ಡಾಕ್ಟರರೂ ಬಂಧಿತರಾದರು. ಯಾವ ದಿನ, ಯಾವ ಕಾಲೇಜಿಗೆ, ಯಾರು ಬರುತ್ತಾರೆಂಬ ಗುಟ್ಟೇ ಮಾರಾಟವಾಗುತ್ತಿತ್ತು, ಕಾಗದದ ಮೇಲಷ್ಟೇ ಇರುವ ಅಧ್ಯಾಪಕರನ್ನೂ ಬಾಡಿಗೆಯ ರೋಗಿಗಳನ್ನೂ ನಿಲ್ಲಿಸಲಾಗುತ್ತಿತ್ತು ಎಂಬುದು ಆರೋಪ. ಯಾರು ತಪ್ಪಿತಸ್ಥರೆಂದು ನ್ಯಾಯಾಲಯ ಹೇಳಬೇಕು, ನಾವು ಹೇಳುವುದಿಲ್ಲ. ಆದರೆ ಹದಿನೈದು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ಹೆಸರಿನ ಎರಡು ಸಂಸ್ಥೆಗಳ ಕಾಲದಲ್ಲಿ, ಅದೇ ಬಗೆಯ ಆರೋಪ ಕೇಳಿಬರುತ್ತದೆಂದರೆ ದೋಷ ಕೇವಲ ಮನುಷ್ಯರಲ್ಲಿಲ್ಲ, ಪದ್ಧತಿಯಲ್ಲೇ ಇದೆ. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೆ ಹೊಸ ಬಣ್ಣ ಬಳಿದರೆ ಪೈರು ಉಳಿದೀತೆ? ಇಡೀ ಮೂರು ವರ್ಷದ ಕಲಿಕೆಯ ಹಣೆಬರಹ ಒಂದೆರಡು ದಿನದಲ್ಲಿ, ಮೂರು ನಾಲ್ಕು ಜನರ ಕೈಯಲ್ಲಿ ತೀರ್ಮಾನವಾಗುತ್ತದೆಂದಾದರೆ, ಆ ದಿನಕ್ಕೂ ಆ ಕೈಗಳಿಗೂ ಬೆಲೆ ಕಟ್ಟುವವರು ಹುಟ್ಟಿಯೇ ಹುಟ್ಟುತ್ತಾರೆ.

ಇಂಥ ನಾಟಕ ನಮ್ಮಲ್ಲಿ ಮಾತ್ರ ನಡೆದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಅಬ್ರಹಾಂ ಫ್ಲೆಕ್ಸ್ನರ್ ಎಂಬ ಶಾಲಾಮಾಸ್ತರರು ಆ ದೇಶದ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ 1910ರಲ್ಲಿ ಒಂದು ವರದಿ ಕೊಟ್ಟರು. ಒಂದು ಶಾಲೆಯಲ್ಲಿ ಬಾಗಿಲು ಬಾಗಿಲಿಗೂ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಎಂದು ಹಲಗೆ; ಆದರೆ ಎಲ್ಲ ಬಾಗಿಲಿಗೂ ಬೀಗ, ಬೀಗದ ಕೈ ಇಲ್ಲ. ಫ್ಲೆಕ್ಸ್ನರ್ ಹೊರಟಂತೆ ನಟಿಸಿ, ತಿರುಗಿ ಬಂದು, ಜವಾನನ ಕೈ ಬೆಚ್ಚಗೆ ಮಾಡಿ ಬೀಗ ತೆಗೆಸಿದರು. ಒಳಗೆ ಪ್ರಯೋಗಶಾಲೆಯೆಂಬುದೇ ಇರಲಿಲ್ಲ. ಸುದ್ದಿ ಕೊಡದೆ ತಿರುಗಿ ಬಂದವನಿಗೆ ಸತ್ಯ ಕಂಡಿತು. ಹಾರ ಹಾಕಿಸಿಕೊಂಡು ಬಂದವನಿಗೆ ಕಾಣುವುದಿಲ್ಲ.

ಆದರೆ ಫ್ಲೆಕ್ಸ್ನರರ ಕತೆಗೆ ಇನ್ನೊಂದು ಮಗ್ಗುಲಿದೆ. ಆ ವರದಿಯ ಹೊಡೆತಕ್ಕೆ ಕರಿಯ ಜನರಿಗಾಗಿ ಇದ್ದ ಏಳು ಶಾಲೆಗಳಲ್ಲಿ ಐದು ಕಾಲಕ್ರಮದಲ್ಲಿ ಮುಚ್ಚಿಹೋದವು. ಅವರ ಕೇರಿಗಳಿಗೆ ಬರಬೇಕಾಗಿದ್ದ ಡಾಕ್ಟರರು ಬರದೇ ಹೋದರು. ಬರೀ ಪಾಸು, ಫೇಲು ಎಂದು ಹೇಳಿ ಬೀಗ ಜಡಿಯುವ ಮಾನ್ಯತೆಯಿಂದ ಬಡವರಿಗೇ ಪೆಟ್ಟು ಬೀಳುತ್ತದೆ. ಆದುದರಿಂದ ಕಾಲೇಜುಗಳನ್ನು ಮುಚ್ಚಿಸಿ ಎಂದು ನಾವು ಕೂಗುತ್ತಿಲ್ಲ. ಪ್ರತಿ ವರ್ಷ ಕೊರತೆಯನ್ನು ಹೆಸರಿಟ್ಟು ಹೇಳಿ, ತಿದ್ದಲು ಕಾಲ ಕೊಟ್ಟು, ತಿದ್ದಿದರೋ ಇಲ್ಲವೋ ಎಂದು ಮರುವರ್ಷ ನೋಡಿ ಎಂದು ಕೇಳುತ್ತಿದ್ದೇವೆ. ಮನೆಯ ಹೆಣ್ಣುಮಕ್ಕಳು ಇದನ್ನು ದಿನವೂ ಮಾಡುತ್ತಾರೆ. ನಿನ್ನೆಯ ಸಾರಿಗೆ ಉಪ್ಪು ಹೆಚ್ಚಾದರೆ ಯಾರೂ ಅಡಿಗೆಮನೆಗೆ ಬೀಗ ಹಾಕುವುದಿಲ್ಲ. ರುಚಿ ನೋಡಿ ಇವತ್ತು ತಿದ್ದಿಕೊಳ್ಳುತ್ತಾರೆ. ಗುಣಮಟ್ಟದ ನಿರಂತರ ಸುಧಾರಣೆ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ ವಿವೇಕ.

ಹಾಗಾದರೆ ರುಚಿ ನೋಡುವವರು ಯಾರು? ಉಣ್ಣುವವರೇ ನೋಡಬೇಕು. ಅಮೆರಿಕದಲ್ಲಿ ರೆಸಿಡೆಂಟರ ತರಬೇತಿಗೆ ಮಾನ್ಯತೆ ಕೊಡಲು 1981ರಲ್ಲಿ ಆರಂಭವಾದ ಮಂಡಳಿ, ಪ್ರತಿ ವರ್ಷ ರೆಸಿಡೆಂಟರನ್ನೇ ನೇರವಾಗಿ ಪ್ರಶ್ನಿಸುತ್ತದೆ: ಗುರುಗಳು ನಿಮ್ಮ ಜೊತೆ ನಿಂತು ಕಲಿಸುತ್ತಾರೆಯೆ, ವಾರಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ, ತಪ್ಪಾದರೆ ಹೆದರದೆ ಹೇಳಿಕೊಳ್ಳಬಹುದೆ? ಯಾರು ಏನು ಬರೆದರೆಂಬುದು ಕಾಲೇಜಿಗೆ ತಿಳಿಯದು. 2013ರಿಂದ ಅಲ್ಲಿ ಎಂದೋ ಒಮ್ಮೆ ನಡೆಯುವ ದೊಡ್ಡ ಇನ್‌ಸ್ಪೆಕ್ಷನ್‌ಗಿಂತ ಈ ವರ್ಷವರ್ಷದ ಲೆಕ್ಕಕ್ಕೇ ಹೆಚ್ಚು ತೂಕ. ಅಲ್ಲಿಯೂ ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ, ದಣಿದ ರೆಸಿಡೆಂಟರ ಕೈಯಲ್ಲಿ, 18 ವರ್ಷದ ಲಿಬ್ಬಿ ಜಿಯೋನ್ ಎಂಬ ಹುಡುಗಿ ತೀರಿಕೊಂಡಳು. ಅವಳ ತಂದೆ ಪತ್ರಕರ್ತರು, ಸುಮ್ಮನೆ ಕೂರಲಿಲ್ಲ. 1989ರಲ್ಲಿ ಆ ರಾಜ್ಯದಲ್ಲಿ, 2003ರಲ್ಲಿ ಇಡೀ ದೇಶದಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. ಒಬ್ಬ ತಂದೆ ಪ್ರಶ್ನೆ ಕೇಳಿದ್ದರಿಂದ ಬಂತು ಎಂಬುದನ್ನು ನಾವು ಗಮನಿಸಬೇಕು.

ನಮ್ಮಲ್ಲಿ? 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯಲ್ಲಿ ವಾರಕ್ಕೆ 48 ಗಂಟೆ ಎಂದು ಬರೆದಿಟ್ಟಿದ್ದೆವು. 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಗಂಟೆಯ ಲೆಕ್ಕ ಕಾಣದು. ‘ಸಮಂಜಸವಾದಷ್ಟು’ ಕೆಲಸ, ‘ಸಮಂಜಸವಾದಷ್ಟು’ ವಿಶ್ರಾಂತಿ ಎಂಬರ್ಥದ ಮಾತಿದೆ. ಯಾರ ದೃಷ್ಟಿಯಲ್ಲಿ ಸಮಂಜಸ ಸ್ವಾಮಿ? 2024ರಲ್ಲಿ ಆಯೋಗವೇ ನೇಮಿಸಿದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದೆಂದು ಸಲಹೆ ಮಾಡಿತು. ಬ್ಯಾಂಕಿನಲ್ಲೋ ಕಚೇರಿಯಲ್ಲೋ ದುಡಿಯುವ ನಮಗೆ 74 ಗಂಟೆಯೇ ತಲೆ ತಿರುಗಿಸುತ್ತದೆ. ಅದನ್ನು ಮೇಲಿನ ಮಿತಿಯಾಗಿ ಬೇಡಬೇಕಾಯಿತೆಂದರೆ ಈಗಿರುವ ಸ್ಥಿತಿ ಎಂಥದೆಂದು ಊಹಿಸಿಕೊಳ್ಳಿ.

ಅದೇ 2024ರ ಆಗಸ್ಟ್ 9ರಂದು ಕೋಲ್ಕತ್ತದ ಸರಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ನಡೆದದ್ದನ್ನು ಬರೆಯಲು ಕೈ ಏಳದು. ಅತ್ಯಾಚಾರಕ್ಕೂ ಕೊಲೆಗೂ ಈಡಾದ ಆ ಹೆಣ್ಣುಮಗಳು ಸ್ನಾತಕೋತ್ತರ ವಿದ್ಯಾರ್ಥಿನಿ. ರಾತ್ರಿ ಪಾಳಿಯ ನಡುವೆ ಆಕೆ ಒರಗಿಕೊಳ್ಳಲು ಹೋದದ್ದು ಸೆಮಿನಾರ್ ಹಾಲಿಗೆ. ಮಾನ್ಯತೆಯ ಫಾರ್ಮಿನಲ್ಲಿ ಸೆಮಿನಾರ್ ಹಾಲು ಇದೆಯೆ ಎಂದು ಕೇಳುತ್ತಾರೆ; ಇದ್ದರೆ ಗುರುತು ಹಾಕುತ್ತಾರೆ. ರಾತ್ರಿ ದುಡಿಯುವ ಹೆಣ್ಣುಮಗಳು ಎಲ್ಲಿ ಮಲಗುತ್ತಾಳೆ, ಆ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೆ ಎಂದು ಆಕೆಯನ್ನೇ ಕರೆದು ಯಾರಾದರೂ ಕೇಳಿದ್ದರೆ? ನಮ್ಮ ಮನೆಯ ಹೆಣ್ಣುಮಕ್ಕಳೂ ಅಂಥದೇ ಪಾಳಿಯಲ್ಲಿ ದುಡಿಯುತ್ತಿದ್ದಾರೆ.

ನಮ್ಮ ಬಳಗದ ಮನೆಯೊಂದರ ಹುಡುಗ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಮಾಡಿದ. ಅವನ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಹಬ್ಬಕ್ಕೆ ಬಂದಾಗ ಲಾಗ್‌ಬುಕ್ ತೋರಿಸಿದ. ಪುಟ ಪುಟವೂ ತುಂಬಿತ್ತು. ‘ಇಷ್ಟೊಂದು ಆಪರೇಷನ್ ಮಾಡಿದ್ದೀಯೇನೋ!’ ಎಂದು ಅವನ ದೊಡ್ಡಪ್ಪ ಹಿಗ್ಗಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಡಿದ್ದಲ್ಲ ದೊಡ್ಡಪ್ಪ, ಹೆಚ್ಚಿನವು ನಿಂತು ನೋಡಿದ್ದು. ಕೆಲವು ನೋಡಿಯೂ ಇಲ್ಲ. ಇನ್‌ಸ್ಪೆಕ್ಷನ್ ಇತ್ತು, ಎಲ್ಲರೂ ಕೂತು ಬರೆದೆವು’ ಎಂದ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವನು ಸುಳ್ಳುಗಾರನಲ್ಲ, ಅವನಿಂದ ಸುಳ್ಳು ಬರೆಸಿದರು. ಬರೆಯದಿದ್ದರೆ ಥೀಸಿಸ್‌ಗೆ ಸಹಿ ಬೀಳುವುದಿಲ್ಲ. ಕಲಿಸುವವರೂ ಅವರೇ, ಸಹಿ ಹಾಕುವವರೂ ಅವರೇ, ಪರೀಕ್ಷೆಯಲ್ಲಿ ಕೂರುವವರಲ್ಲಿ ಕೆಲವರೂ ಅವರೇ ಆಗಿರುವಾಗ ಇಪ್ಪತ್ತಾರು ವರ್ಷದ ಹುಡುಗ ಯಾರ ಬಳಿ ದೂರು ಹೇಳಬೇಕು?

ಈಗ ಎದುರು ವಾದಗಳನ್ನೂ ಕೇಳೋಣ. ಮೊದಲನೆಯದು: ದೇಶದಲ್ಲಿ ತಜ್ಞರ ಬರ ಇದೆ, ಮೊದಲು ಸೀಟು ಹೆಚ್ಚಲಿ, ಗುಣ ಆಮೇಲೆ. 2014ರಲ್ಲಿ ಸುಮಾರು 31 ಸಾವಿರವಿದ್ದ ಸ್ನಾತಕೋತ್ತರ ಸೀಟುಗಳು ಹತ್ತು ವರ್ಷದಲ್ಲಿ 70 ಸಾವಿರ ದಾಟಿದವು. ಸಂತೋಷವೇ. ಆದರೆ 2023ರಲ್ಲಿ ಸೀಟು ಖಾಲಿ ಉಳಿಯಬಾರದೆಂದು ಪ್ರವೇಶ ಪರೀಕ್ಷೆಯ ಅರ್ಹತೆಯ ಗೆರೆಯನ್ನೇ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರಲ್ಲ! ಒಳಬರುವ ಬಾಗಿಲು ಸಡಿಲವಾದಷ್ಟೂ ಒಳಗಿನ ಪಾಠ ಬಿಗಿಯಾಗಬೇಡವೆ? ಕಲಿಯದ ತಜ್ಞರು ಹೆಚ್ಚಿದರೆ ಬರ ನೀಗುವುದಿಲ್ಲ. ಕೆರೆ ತುಂಬಿದ್ದರೂ ಕುಡಿಯಲು ನೀರಿಲ್ಲದ ಸ್ಥಿತಿ ಅದು.

ಎರಡನೆಯ ವಾದ: ಈಗ ಯಂತ್ರ ಬಂದಿದೆ. 2025ರ ಮೇ 1ರಿಂದ ಅಧ್ಯಾಪಕರು ಫೋನಿನಲ್ಲಿ ಮುಖ ತೋರಿಸಿ, ಕಾಲೇಜಿನ ಆವರಣದಲ್ಲೇ ಹಾಜರಿ ಹಾಕಬೇಕು. ಒಳ್ಳೆಯದೇ, ಊರಲ್ಲಿಲ್ಲದ ಪ್ರೊಫೆಸರರ ಕಾಟ ಸ್ವಲ್ಪ ತಗ್ಗೀತು. ಆದರೆ ಮುಖ ಬಂದ ಮಾತ್ರಕ್ಕೆ ಪಾಠ ಬಂದಂತಲ್ಲ. ಬೆಳಗ್ಗೆ ಮುಖ ತೋರಿಸಿ ಮಧ್ಯಾಹ್ನ ಸ್ವಂತ ನರ್ಸಿಂಗ್ ಹೋಮಿಗೆ ಹೋದರೆ ಯಂತ್ರಕ್ಕೇನು ಗೊತ್ತು? ರೆಸಿಡೆಂಟನಿಗೆ ಗೊತ್ತು. ಅವನನ್ನು ಕೇಳುವವರಿಲ್ಲ.

ಮೂರನೆಯದು: 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟವು ನಮ್ಮ ಆಯೋಗಕ್ಕೆ ಹತ್ತು ವರ್ಷದ ಮನ್ನಣೆ ಕೊಟ್ಟಿದೆ, ಇನ್ನೇನು ಬೇಕು? ಇದರಿಂದ ನಮ್ಮ ಮಕ್ಕಳಿಗೆ ಹೊರದೇಶದ ಬಾಗಿಲು ತೆರೆಯುತ್ತದೆ, ನಿಜ. ಆದರೆ ಆ ಒಕ್ಕೂಟ ನೋಡುವುದು ಆಯೋಗದ ಕಾರ್ಯವಿಧಾನವನ್ನು. ನಮ್ಮ ಒಂದೊಂದು ಕಾಲೇಜಿನ ಒಂದೊಂದು ವಾರ್ಡನ್ನು ಅಲ್ಲ. ವಾರ್ಡಿಗೆ ನಾವೇ ಹೋಗಬೇಕು.

ನಾಲ್ಕನೆಯದು ಹಿರಿಯ ಡಾಕ್ಟರರ ಬಾಯಲ್ಲಿ ಕೇಳುವ ಮಾತು: ‘ನಮ್ಮ ಕಾಲದಲ್ಲಿ ನಾವೂ ಎರಡೆರಡು ದಿನ ನಿದ್ದೆಗೆಟ್ಟೇ ಕಲಿತೆವು.’ ಅವರ ಮೇಲೆ ನಮಗೆ ಗೌರವವಿದೆ. ಆದರೆ ಅತ್ತೆ ಪಟ್ಟ ಪಾಡನ್ನು ಸೊಸೆಯೂ ಪಡಲಿ ಎಂಬುದು ಯಾವ ನ್ಯಾಯ? ನಿದ್ದೆಗೆಟ್ಟ ಕೈ ಔಷಧದ ಪ್ರಮಾಣ ತಪ್ಪಿದರೆ ಪಾಡು ಸೊಸೆಯದಷ್ಟೇ ಅಲ್ಲ, ರೋಗಿಯದು.

ಇಲ್ಲಿಯವರೆಗೆ ಪರರನ್ನು ಬೈದೆವು. ಇನ್ನು ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಖಾಸಗಿ ವೈದ್ಯಕೀಯ ಶಿಕ್ಷಣಕ್ಕೆ ದಾರಿ ಹಾಕಿದ ನಾಡು ನಮ್ಮದು. ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಕಾಲೇಜು ತೆರೆದರು. 1963ರಲ್ಲಿ ಬೆಳಗಾವಿ, ಗುಲ್ಬರ್ಗ, 1965ರಲ್ಲಿ ದಾವಣಗೆರೆ ಹಿಂಬಾಲಿಸಿದವು. ಈ ಸಾಹಸಗಳ ಬಗ್ಗೆ ನಮಗೆ ಹೆಮ್ಮೆಯಿದೆ, ಇರಬೇಕು. ಆ ಕಾಲೇಜುಗಳಿಂದ ಬಂದ ಡಾಕ್ಟರರು ಈ ನಗರದಲ್ಲೂ ನಮ್ಮನ್ನು ಕಾಪಾಡಿದ್ದಾರೆ. ಆದರೆ ಹೆಮ್ಮೆಯ ಹಿಂದೆಯೇ ವ್ಯಾಪಾರವೂ ಬಂತು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನೇ ಕರ್ನಾಟಕ ಮಾಡಬೇಕಾಯಿತು. 1992ರ ಮೋಹಿನಿ ಜೈನ್ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದೂ ಕರ್ನಾಟಕದ ಖಾಸಗಿ ಕಾಲೇಜಿನ ಶುಲ್ಕದ ಮೇಲೆಯೇ. ದಾರಿ ತೋರಿಸಿದವರು ದಾರಿಯ ಕೆಸರನ್ನೂ ಬಳಿಯಬೇಕು.

ಮತ್ತೆ ನಾವು, ತಂದೆತಾಯಿಗಳು? ಕೌನ್ಸೆಲಿಂಗ್ ದಿನ ನಾವು ಕೇಳುವುದು ಎರಡೇ ಪ್ರಶ್ನೆ: ಸೀಟು ಸಿಕ್ಕಿತೆ, ಎಷ್ಟಾಯಿತು? ಮದುವೆಯ ಕರೆಯೋಲೆಯಲ್ಲಿ ಹೆಸರಿನ ಮುಂದೆ ಎಂ.ಡಿ. ಎಂದು ಅಚ್ಚಾದರೆ ನಮಗೆ ಸಮಾಧಾನ. ಮನೆಗೆ ಐದು ಸೇರು ಅಕ್ಕಿ ಕೊಳ್ಳುವಾಗ ಅಂಗೈಯಲ್ಲಿ ಸುರಿದುಕೊಂಡು ಕಲ್ಲು, ನುಚ್ಚು ನೋಡುವ ನಾವು, ಆಯುಷ್ಯದ ಗಳಿಕೆಯನ್ನೆಲ್ಲ ಸುರಿದು ಸೀಟು ಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುತ್ತೇವೆ. ಕಣ್ಣು ಮುಚ್ಚುವ ಗಿರಾಕಿ ಇರುವಷ್ಟು ದಿನ ಎರವಲು ಕುರ್ಚಿಯ ನಾಟಕ ನಿಲ್ಲುವುದಿಲ್ಲ.

ಆದುದರಿಂದ ಸರಕಾರಕ್ಕೂ ಆಯೋಗಕ್ಕೂ ನಾವು ಇಡುವ ಬೇಡಿಕೆ ನಾಲ್ಕು. ಒಂದು, ಪ್ರತಿ ವರ್ಷ ಪ್ರತಿಯೊಬ್ಬ ರೆಸಿಡೆಂಟನ ಅಭಿಪ್ರಾಯವನ್ನು ಕಾಲೇಜಿನ ಕೈ ತಾಗದಂತೆ, ಹೆಸರು ಹೊರಬೀಳದಂತೆ ಸಂಗ್ರಹಿಸಿ, ಕಾಲೇಜುವಾರು ಪ್ರಕಟಿಸಬೇಕು. ಎರಡು, ಒಬ್ಬೊಬ್ಬ ವಿದ್ಯಾರ್ಥಿ ಸ್ವತಃ ಮಾಡಿದ ಆಪರೇಷನ್, ಹೆರಿಗೆ, ಚಿಕಿತ್ಸೆಗಳ ಲೆಕ್ಕವನ್ನು ಆಸ್ಪತ್ರೆಯ ರಿಜಿಸ್ಟರಿಗೆ ತಾಳೆ ನೋಡಬೇಕು. ಲಾಗ್‌ಬುಕ್ಕನ್ನು ಮಾತ್ರ ನಂಬಬಾರದು. ಮೂರು, ದುಡಿಮೆಯ ಗಂಟೆಗೆ ಅಂಕಿಯಲ್ಲಿ ಮಿತಿ ಹಾಕಿ, ಮೀರಿದ ವಿಭಾಗದ ಮಾನ್ಯತೆಗೆ ಅದನ್ನೂ ಲೆಕ್ಕ ಹಿಡಿಯಬೇಕು. ನಾಲ್ಕು, ಇನ್‌ಸ್ಪೆಕ್ಷನ್ ವರದಿಯಲ್ಲಿ ಕಂಡ ಕೊರತೆ ಏನು, ಮುಂದಿನ ವರ್ಷ ತಿದ್ದಿದ್ದೇನು ಎಂಬುದು ಸಾರ್ವಜನಿಕರಿಗೆ ಓದಲು ಸಿಗಬೇಕು. ಕಾಲೇಜುಗಳ ಮೌಲ್ಯಮಾಪನ ಮಾಡಿ ಅವುಗಳ ಶ್ರೇಣಿಯನ್ನು ಜನರ ಮುಂದಿಡಬೇಕೆಂದು 2019ರ ಕಾಯಿದೆಯೇ ಹೇಳುತ್ತದೆ. ಅದಕ್ಕೆಂದೇ ಒಂದು ಮಂಡಳಿಯೂ ಇದೆ. ಹೊಸದೇನನ್ನೂ ನಾವು ಕೇಳುತ್ತಿಲ್ಲ. ಬರೆದದ್ದನ್ನು ನಡೆಸಿ ಎನ್ನುತ್ತಿದ್ದೇವೆ.

ನಮ್ಮ ಓದುಗ ಬಂಧುಗಳಿಗೂ ಒಂದು ಮಾತು. ಈ ಸಲ ಮಕ್ಕಳ ಜೊತೆ ಕಾಲೇಜು ನೋಡಲು ಹೋದರೆ ಆಫೀಸಿನ ಸೋಫಾದಲ್ಲಿ ಕೂತು ಕಾಫಿ ಕುಡಿದು ಬರಬೇಡಿ. ಸಂಜೆ ಏಳರ ಮೇಲೆ ಕ್ಯಾಂಟೀನಿಗೆ ಹೋಗಿ. ಅಲ್ಲಿ ಕಣ್ಣು ಕೆಂಪಾಗಿಸಿಕೊಂಡು ಚಹಾ ಕುಡಿಯುತ್ತ ಕೂತ ಎರಡನೆಯ ವರ್ಷದ ರೆಸಿಡೆಂಟ್ ಯಾರಾದರೂ ಸಿಗುತ್ತಾರೆ. ಪಕ್ಕದಲ್ಲಿ ಕೂತು ಕೇಳಿ: ‘ನಿಮ್ಮ ಗುರುಗಳು ನಿಮ್ಮ ಕೈ ಹಿಡಿದು ಕಲಿಸುತ್ತಾರೆಯೆ? ನೀವು ಮಲಗಿ ಎಷ್ಟು ಹೊತ್ತಾಯಿತು?’ ಉತ್ತರ ಕೇಳಿದ ಮೇಲೆ ಹಣ ಕಟ್ಟುವುದೋ ಬಿಡುವುದೋ ನಿಮ್ಮ ವಿವೇಚನೆ. ಏನು ಕೇಳಿದಿರೆಂಬುದನ್ನು ಮಾತ್ರ ನಮ್ಮ ಸಂಘಕ್ಕೆ ಎರಡು ಸಾಲು ಬರೆದು ತಿಳಿಸಿ. ಒಂದು ಮನೆಯವರು ಕೇಳಿದರೆ ಅದು ಕೊಂಕು ಎನಿಸೀತು. ನೂರು ಮನೆಯವರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.